ಮುತ್ತ ಸತ್ತ ದಿನ

ಬೆಳ್ಳಿಯ ಬಳಿ ಗಂಡನ ಹೆಣ ಇರಲಿಲ್ಲ. ಹೆಣ ಸಿಕ್ಕಿದ ಹೆಂಗಸರ ಕಷ್ಟ ಬೇಗ ಮುಗಿಯುತ್ತದೆ ಎಂದು ಅವಳಿಗೆ ಈಚೀಚೆಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗೆಲ್ಲ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು. ನೆರೆಮನೆಯ ಗುಲಾಬಿಯ ಗಂಡನನ್ನು ಕಡಲು ಮೂರನೆಯ ದಿನ ದಡಕ್ಕೆ ತಂದು ಹಾಕಿತ್ತು. ಮುಖ ಗುರುತು ಸಿಗುವಂತಿರಲಿಲ್ಲ. ಸೊಂಟದಲ್ಲಿ ಉಡಿದಾರ ಇತ್ತು, ಅಷ್ಟು ಸಾಕಾಯಿತು. ಗುಲಾಬಿ ಮರಳಿನಲ್ಲಿ ಹೊರಳಾಡಿ ಅತ್ತಳು, ಹೆಂಗಸರು ಸುತ್ತ ನಿಂತು ಅವಳ ಬಳೆ ಒಡೆದರು, ಗಂಡಸರು ಸುಟ್ಟು ಬಂದರು, ಸೂತಕ ಕಳೆದ ಮೇಲೆ ಅವಳು ಮತ್ತೆ ಮೀನಿನ ಬುಟ್ಟಿ ಹೊತ್ತಳು. ಕಡಲು ಮೂರೇ ದಿನದಲ್ಲಿ ಮಾಡಿಕೊಟ್ಟ ಆ ಕೆಲಸ ಮಾಡಿಸಿಕೊಳ್ಳಲು ಬೆಳ್ಳಿ ಕಿರಿಮಂಜೇಶ್ವರದಿಂದ ಕುಂದಾಪುರದ ಕೋರ್ಟಿಗೆ ಎರಡು ವರ್ಷಕ್ಕೂ ಹೆಚ್ಚು ಅಲೆದಿದ್ದಳು. ತೀರ್ಪು ಆಗಿದೆ, ನಕಲು ತಯಾರಿದೆ, ಬಂದು ತೆಗೆದುಕೊಂಡು ಹೋಗಿ ಎಂದು ವಕೀಲರ ಗುಮಾಸ್ತ ಭೋಜರಾಜ ನಿನ್ನೆ ಫೋನು ಮಾಡಿದ್ದ. ತೀರ್ಪು ಅಂದರೆ, ಅವಳ ಗಂಡ ಮುತ್ತ ಸತ್ತಿದ್ದಾನೆ ಎಂಬ ತೀರ್ಪು. "ನೀವ್ ಗೆದ್ರಿ ಬೆಳ್ಳಿಯಕ್ಕ" ಎಂದಿದ್ದ ಭೋಜರಾಜ. ಅವಳು "ಹೌದಾ" ಅಂದಿದ್ದಳು. ಮತ್ತೆ, ಊಟ ಆಯಿತಾ ಎಂದು ಅವನನ್ನು ಕೇಳಿದ್ದಳು.

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೂತು ಹುಣಸೆಹುಳಿ ಹಾಕಿ ಕೈ ತಿಕ್ಕುತ್ತಿದ್ದಾಗ ಅತ್ತೆ ನಾಗು ಜಗಲಿಯಿಂದಲೇ ಕೂಗಿದಳು.

"ಹ್ವಾಯ್ ಬೆಳ್ಳೀ, ಎಷ್ಟ್ ತಿಕ್ಕುದ್? ಮೀನ್ ವಾಸ್ನಿ ಹೋಪ್ದಲ್ಲ ಅದ್, ಚರ್ಮ ಹೋತ್ತ್. ಬಸ್ಸ್ ತಪ್ತ್ ಕಾಣ್."

"ಹೊರ್ಟೆ ಅತ್ತೆ."

"ದಿನ ಕೇಂಡ್ಕಂಡ್ ಬಾ. ಕಾಗ್ದದಲ್ಲ್ ಬರ್ದಿರ್ತ್ರ್. ಬರೀ ತಾರೀಕಾರೂ ಸಾಕ್, ತಿಥಿ ಭಟ್ರ್ ತೆಗಿತ್ರ್."

"ಕೇಂತೆ."

"ಮರೂಕಾಗ ಮತ್ತೆ. ಹೋದ್ಸಲ ಎಲಿಅಡ್ಕಿ ತಪ್ಪುಕೂ ಮರ್ತ್ ಬಂದೋಳ್ ನೀನ್."

ದಿನ. ನಾಗುವಿಗೆ ಬೇಕಾಗಿದ್ದದ್ದು ಅದೊಂದೇ. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯುವುದು ಊರಿನ ರೂಢಿ. ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮಾಡುತ್ತಾರೆ. ಹನ್ನೆರಡು ವರ್ಷ ತಾನು ಇರುವುದಿಲ್ಲ ಎಂದು ನಾಗುವಿಗೆ ಗೊತ್ತಿತ್ತು. ತಾನು ಹೋದ ಮೇಲೆ ಮಗನಿಗೆ ಒಂದು ಹಿಡಿ ಅನ್ನ ಇಡಿಸುವವರು ಯಾರು? ಹೆಂಡತಿ ಇಡಿಸುವವಳಲ್ಲ, ಅವಳು ಬಾಗಿಲು ನೋಡುತ್ತ ಕೂರುವವಳು. ಕೋರ್ಟಿನಲ್ಲಾದರೆ ಏಳೇ ವರ್ಷ ಸಾಕಂತೆ ಎಂದು ಯಾರೋ ಹೇಳಿದ ದಿನದಿಂದ ಮುದುಕಿ ಸೊಸೆಯ ಬೆನ್ನು ಬಿದ್ದಳು. ಭಟ್ಟರು ತಿಳಿಸಿ ಹೇಳಿದ್ದರು: ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ ನಾಗು, ಆವತ್ತೇ ಮಾಡಿಸುವ, ಕೋರ್ಟು ಕಚೇರಿ ಯಾಕೆ? ನಾಗು ಅಂಗಳದಲ್ಲಿ ನಿಂತು ಭಟ್ಟರ ಮುಖಕ್ಕೆ ಹೇಳಿದ್ದಳು: "ಅಮಾಸಿ ಅನಾಥ್ರಿಗೆ. ನಮ್ ಹೈದ ಅನಾಥ ಅಲ್ಲ, ಹೆತ್ತೋಳ್ ಬದ್ಕಿದ್ದೆ. ಕೋರ್ಟಿನರ್ ದಿನ ಬರ್ದ್ ಕೊಡ್ತ್ರ್, ಆಗ ಬತ್ತೆ." ಅಷ್ಟು ದೊಡ್ಡ ಕಟ್ಟಡ, ಕಪ್ಪು ಕೋಟಿನ ಅಷ್ಟು ಜನ, ಅಷ್ಟು ಓದಿದ ಜಡ್ಜರು, ಒಬ್ಬ ಸತ್ತಿದ್ದಾನೆ ಎಂದು ಕಂಡುಹಿಡಿದವರಿಗೆ ಯಾವತ್ತು ಸತ್ತ ಎಂಬುದು ತಿಳಿಯದೆ ಇರುತ್ತದೆಯೇ? ಬೆಳ್ಳಿಗೂ ಹಾಗೇ ಅನ್ನಿಸಿತ್ತು. ಅದು ಅವಳಿಗೆ ಬೇಕಿರಲಿಲ್ಲ, ಆದರೆ ಹಾಗೇ ಅನ್ನಿಸಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ಮೂಗಿಗೆ ಸೆರಗು ಹಿಡಿದಳೋ, ಬರಿದೇ ಬೆವರು ಒರೆಸಿದಳೋ ಗೊತ್ತಾಗಲಿಲ್ಲ. ಬೆಳ್ಳಿ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಮುತ್ತ ಇದನ್ನು ಕಂಡಿದ್ದರೆ ನಗುತ್ತಿದ್ದ. ಮೀನು ತಿಂಬೋರಿಗೆ ಮೀನಿನ ವಾಸ್ನಿ ಆಪ್ದಿಲ್ಯಾ ಎಂದು ದೊಡ್ಡದಾಗಿ, ಇಡೀ ಬಸ್ಸಿಗೆ ಕೇಳುವಂತೆ ಕೇಳುತ್ತಿದ್ದ. ಎರಡು ಸಾವಿರದ ಒಂದರ ಮಳೆಗಾಲ ಕಳೆದು ಬೋಟುಗಳು ಮತ್ತೆ ಇಳಿದಾಗ ಅವನು ಗಂಗೊಳ್ಳಿಯಿಂದ ಹೊರಟಿದ್ದ. ಬೋಟಿನ ಮುಖ್ಯಸ್ಥ, ತಾಂಡೇಲ ಸುಬ್ಬ. ರತ್ನಾಗಿರಿಯ ಆಚೆ ಒಂದು ಸಣ್ಣ ಬಂದರಿನಲ್ಲಿ ಐಸು ತುಂಬಿಸಲು ನಿಂತಾಗ ಮುತ್ತ ಬೀಡಿ ತರುತ್ತೇನೆ ಎಂದು ಇಳಿದ. ಒಂದು ಇಳಿತ, ಒಂದು ಭರತ ಕಾದರು. ಹುಡುಕಿದರು. ಐಸು ಕರಗುತ್ತದೆ ಎಂದು ಹೊರಟರು. ಗಾಳಿಯಿಲ್ಲ, ತೂಫಾನಿಲ್ಲ, ಬೋಟು ಮಗುಚಲಿಲ್ಲ. ಬೀಡಿ ತರಲು ಹೋದವನು ಬರಲಿಲ್ಲ, ಅಷ್ಟೆ. ಅವಳ ಎಲ್ಲ ಅವಮಾನವೂ ಆ ಬೀಡಿಯಲ್ಲಿತ್ತು. ಕಡಲು ನುಂಗಿದ್ದರೆ ಊರು ಕರಗುತ್ತಿತ್ತು. ಬೀಡಿ ತರಲು ಹೋದ ಗಂಡನ ಹೆಂಡತಿಯನ್ನು ಕಂಡು ಊರು ತುಟಿಯೊಳಗೆ ನಗುತ್ತಿತ್ತು. ರತ್ನಾಗಿರಿಯಲ್ಲಿ ಯಾರೋ ಇದ್ದಾಳಂತೆ, ಮೊದಲಿಂದಲೂ ಇತ್ತಂತೆ, ಒಂದು ಮಗುವೂ ಆಗಿದೆಯಂತೆ. ನಾಗುವಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಬದುಕಿದ್ದೂ ಹೆತ್ತವಳನ್ನು ನೋಡಲು ಬಾರದವನಲ್ಲ ತನ್ನ ಮಗ. ಬರಲಿಲ್ಲ ಅಂದ ಮೇಲೆ ಸತ್ತಿದ್ದಾನೆ. ಅವಳ ಲೆಕ್ಕ ಅಷ್ಟು ನೇರ. ಬೆಳ್ಳಿಯ ಲೆಕ್ಕ ನೇರ ಇರಲಿಲ್ಲ. ಬದುಕಿದ್ದರೆ ಅವನು ತನ್ನನ್ನು ಬಿಟ್ಟು ಹೋದ. ಸತ್ತಿದ್ದರೆ ಬಿಟ್ಟು ಹೋಗಲಿಲ್ಲ. ಬದುಕಿರಲಿ ಎಂದು ಕೊಲ್ಲೂರಿನ ದೇವಿಗೆ ಕೈಮುಗಿದು, ಮೆಟ್ಟಿಲು ಇಳಿಯುವಾಗ ಸತ್ತಿದ್ದರೆ ಒಳ್ಳೆಯದಿತ್ತು ಎಂದು ಅಂದುಕೊಂಡದ್ದಿದೆ. ದೇವಿಗೆ ಎರಡೂ ಕೇಳಿಸಿರಬೇಕು.

ಕೋರ್ಟಿನ ಜಗಲಿಯಲ್ಲಿ ಅದೇ ಬೆಂಚು, ಅದೇ ಕಿಟಕಿ. ಆ ಕಿಟಕಿಯ ಕಡೆ ಅವಳು ನೋಡಲಿಲ್ಲ. ಭೋಜರಾಜ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ; ಮೂವತ್ತರ ಹುಡುಗ, ಯಾವಾಗಲೂ ಎಲ್ಲಿಗೋ ಓಡುವವನ ಹಾಗೆ ಮಾತಾಡುತ್ತಾನೆ. ಸೀಲು ಹೊಡೆದು ಹೊಲಿದ ಕಾಗದದ ಕಟ್ಟನ್ನು ಅವಳ ಕೈಗಿಟ್ಟ.

"ಜಾಗ್ರತೆ ಮಾಡಿ ಅಕ್ಕ. ಇದ್ ಬಂಗಾರ ಇದ್ದಾಂಗೆ. ಪಂಚಾಯ್ತಿಗೆ ಜೆರಾಕ್ಸ್ ಕೊಡಿ, ಇದ್ ಕೊಡೂಕಾಗ."

"ದಿನ ಎಲ್ಲ್ ಬರ್ದಿದ್ರ್ ಭೋಜರಾಜಣ್ಣ?"

"ಎಂತ ದಿನ?"

"ಅವ್ರ್ ತೀರ್ಕಂಡ ದಿನ."

ಭೋಜರಾಜ ಅವಳ ಮುಖ ನೋಡಿದ. ತಮಾಷೆಯೋ ಎಂದು ಒಂದು ಕ್ಷಣ ಅನುಮಾನಿಸಿದ ಹಾಗೆ ಕಂಡಿತು. "ದಿನ ಬರೂದಿಲ್ಲೆ ಅಕ್ಕ. ಏಳ್ ವರ್ಷ ಬದ್ಕಿದ್ದ ಸುದ್ದಿ ಯಾರಿಗೂ ಇಲ್ಲೆ ಅಂದ್ರೆ ಸತ್ತಿದ್ದ ಅಂತ್ಲೇ ಲೆಕ್ಕ. ಯಾವಾಗ ಸತ್ತ ಅಂಬುದ್ ಕಾನೂನಿಗೆ ಬೇಡ."

"ನಮ್ಗೆ ಬೇಕಲೆ."

"ಪಂಚಾಯ್ತಿಯರಿಗೂ ಬೇಕ್. ಅವ್ರ್ ದಿನ ಇಲ್ದೆ ಬರ್ಕಂಬುದಿಲ್ಲೆ. ತೀರ್ಪಿನ ತಾರೀಕ್ ಹಾಕ್ತ್ರ್ ಕಾಣಿ. ಫೆಬ್ರವರಿ ಒಂಬತ್ತ್."

"ಹೋದ್ ತಿಂಗ್ಳಾ? ಹೋದ್ ತಿಂಗ್ಳ್ ಸತ್ತದ್ದಾ ಅವ್ರ್?"

"ಕಾಗ್ದದಲ್ಲ್" ಎಂದ ಭೋಜರಾಜ, ಮೆಲ್ಲಗೆ.

ಅವಳು ಕಟ್ಟನ್ನು ಚೀಲಕ್ಕೆ ಹಾಕಿದಳು, ಮತ್ತೆ ತೆಗೆದಳು. ಫೋಟೋ ಕೇಳಿದಳು. ಮುತ್ತನದು ಅಂತ ಇದ್ದದ್ದು ಒಂದೇ ಫೋಟೋ, ಮದುವೆಯಾದ ಹೊಸತರಲ್ಲಿ ಕುಂದಾಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದನ್ನು ದಾಖಲೆಯೆಂದು ಕೋರ್ಟಿಗೆ ಕೊಟ್ಟಾಗ ಅದರ ಮೇಲೆ ಸೀಲು ಹೊಡೆದಿದ್ದರು. ಸೀಲು ಅವನ ಗದ್ದದ ಮೇಲೆ ಬಿದ್ದಿತ್ತು. ಅಪೀಲಿನ ವಾಯಿದೆ ಮುಗಿಯಲಿ, ಅರ್ಜಿ ಹಾಕಿ ತೆಗೆಸುವ ಎಂದ ಭೋಜರಾಜ.

"ಅಪೀಲ್ ಅಂದ್ರೆ? ಅವ್ರ್ ಸಾಯ್ಲಿಲ್ಲೆ ಅಂತ ಸರ್ಕಾರ ಹೇಳೂಕಾತ್ತಾ?"

"ಹೇಳೂಕಾತ್ತ್. ಹೇಳುದಿಲ್ಲೆ. ನಿಮ್ ಗಂಡ ಬದ್ಕಿದ್ರೆ ಸರ್ಕಾರಕ್ಕೆ ಎಂತ ಲಾಭ ಅಕ್ಕ?" ಎಂದು ಅವನು ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ, ಸರ್ಕಾರ ಒಂದು ಅಪೀಲು ಹಾಕಲಿ ಎಂದು ಅವಳ ಒಳಗೆ ಏನೋ ಬೇಡಿಕೊಂಡಿತು.

ಐದನೆಯ ಕ್ಲಾಸಿನವರೆಗೆ ಓದಿದ್ದಳು. ವಾಪಸು ಬಸ್ಸಿನಲ್ಲಿ ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು. ಕನ್ನಡವೇ ಆಗಿತ್ತು, ಆದರೆ ಯಾರೂ ಮಾತಾಡದ ಕನ್ನಡ. ಅದರಲ್ಲಿ ಅವಳಿಗೆ ಒಂದನೇ ವಾದಿ ಎಂದು ಹೆಸರು. ನಾಗು ಎರಡನೇ ವಾದಿ. ಎದುರು ಪಕ್ಷ ಸರ್ಕಾರ. ಮುತ್ತನಿಗೆ ಯಾವ ನಂಬರೂ ಇರಲಿಲ್ಲ. ಎಲ್ಲ ಕಡೆ 'ಸದರಿ ಮುತ್ತ'. ಅವನ ಎತ್ತರ ಇತ್ತು, ಬಲ ಭುಜದ ಸುಟ್ಟ ಗಾಯದ ಗುರುತು ಇತ್ತು, ಬೋಟಿನ ನೋಂದಣಿ ಸಂಖ್ಯೆ, ಮನೆಯ ಡೋರ್ ನಂಬರು, ಸುಬ್ಬನ ತಂದೆಯ ಹೆಸರು ಕೂಡ ಇತ್ತು. ಬೀಡಿಯೂ ಇತ್ತು: 'ಸದರಿ ಮುತ್ತನು ಬೀಡಿ ಖರೀದಿಸುವ ಸಲುವಾಗಿ ದೋಣಿಯಿಂದ ಇಳಿದು ಹೋದವನು ಹಿಂತಿರುಗಿರುವುದಿಲ್ಲ.' ಇಷ್ಟೆಲ್ಲ ಗೊತ್ತಿರುವವರಿಗೆ ದಿನ ಗೊತ್ತಿರಲಿಲ್ಲ. ಹೆಮ್ಮಾಡಿಯಲ್ಲಿ ಬಸ್ಸು ನಿಂತು ಹೊರಟಿತು. 'ಸದರಿ ಮುತ್ತನು ಪರಸ್ತ್ರೀಯೊಂದಿಗೆ ಸಂಸಾರ ನಡೆಸುತ್ತಿದ್ದಾನೆ ಎಂಬ ಸೂಚನೆಯನ್ನು ಸಾಕ್ಷಿಯು ನಿರಾಕರಿಸಿದ್ದಾಳೆ. ಈ ಬಗ್ಗೆ ಪ್ರತಿವಾದಿಯು ಯಾವುದೇ ಪುರಾವೆ ಹಾಜರುಪಡಿಸಿಲ್ಲ.' ಈ ಸಾಲನ್ನು ಅವಳು ಮೂರು ಸಲ ಓದಿದಳು. ಪುರಾವೆ ಇಲ್ಲ. ಕೋರ್ಟೇ ಬರೆದಿದೆ, ಸೀಲು ಹೊಡೆದಿದೆ. ಎದೆಯೊಳಗೆ ಏನೋ ಸಡಿಲವಾಗಿ ಕಣ್ಣು ತುಂಬಿತು. ಇದನ್ನು ಗುಲಾಬಿಗೆ, ಅವಳಾಚೆ ಮನೆಯ ಜಲಜಳಿಗೆ, ಇಡೀ ಕೇರಿಗೆ ಓದಿ ಹೇಳಬೇಕು ಅನ್ನಿಸಿತು. ಮರುಕ್ಷಣ ಅರ್ಥವಾಯಿತು, ಗಂಡ ಸತ್ತದ್ದಕ್ಕೆ ತನಗೆ ಸಂತೋಷವಾಗುತ್ತಿದೆ. ಪಕ್ಕದ ಸೀಟಿನವರು ಕಂಡಾರು ಎಂದು ಕಾಗದವನ್ನು ಎದೆಗೆ ಒತ್ತಿ ಕಿಟಕಿಯ ಆಚೆ ನೋಡಿದಳು.

ಮುಂದಿನ ಪುಟದಲ್ಲಿ ಅವಳ ಸಾಕ್ಷಿ. ಆವತ್ತು ಮನೆಯಿಂದ ಹೊರಡುವಾಗ ಹಣೆಯಲ್ಲಿ ಕುಂಕುಮ, ಎರಡು ಕೈಗೂ ಆರಾರು ಹಸಿರು ಬಳೆ. ಜಗಲಿಯಲ್ಲಿ ವಕೀಲರು ಕಂಡವರೇ ತಲೆ ಚಚ್ಚಿಕೊಂಡರು. "ಏನಮ್ಮ ಇದು? ಗಂಡ ಸತ್ತ ಅಂತ ಹೇಳಲು ಬಂದವಳು ಮದುಮಗಳ ಹಾಗೆ ಬಂದಿದ್ದೀಯಲ್ಲ. ತೆಗಿ, ಬೇಗ ತೆಗಿ, ಕರೀತಾರೆ ಈಗ." ಸೆರಗಿನಿಂದ ಹಣೆ ಒರೆಸಿಕೊಂಡಳು. ಬಳೆ ಬರಲಿಲ್ಲ. ಕೈ ಬೆವರಿತ್ತು. ಮೀನು ಹೆಚ್ಚಿ ಹೆಚ್ಚಿ ಗೆಣ್ಣು ದಪ್ಪವಾಗಿತ್ತು. ಜನ ಓಡಾಡುವ ಜಗಲಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ಮೈ ಮುಚ್ಚಿಕೊಂಡು ಬಟ್ಟೆ ಬದಲಿಸುವವಳ ಹಾಗೆ ಒಂದೊಂದಾಗಿ ಎಳೆದಳು. ಕೊನೆಯದು ಚಟ್ಟೆಂದು ಒಡೆದು ಮಣಿಕಟ್ಟಿಗೆ ಚುಚ್ಚಿತು. ಚೂರುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು, ಉಳಿದವನ್ನು ಹೊರಗೆ ಬಂದ ಮೇಲೆ ಮತ್ತೆ ಹಾಕಿಕೊಳ್ಳಲೆಂದು ಚೀಲಕ್ಕೆ ಹಾಕಿದಳು. ಒಳಗಿನಿಂದ ಅವಳ ಹೆಸರನ್ನು ಮೂರು ಸಲ ಕೂಗಿದರು.

ಸರ್ಕಾರದ ವಕೀಲರು ಬಹಳ ಮರ್ಯಾದೆಯವರು. "ನೋಡಮ್ಮ, ಗಂಡ ತೀರಿಹೋಗಿದ್ದಾರೆ ಅಂತೀರಿ. ಈಗ ಹತ್ತು ನಿಮಿಷದ ಹಿಂದೆ ನಿಮ್ಮ ಕೈಯಲ್ಲಿ ಬಳೆ ಇತ್ತಲ್ಲ?" ಹಿಂದೆ ಯಾರೋ ನಕ್ಕರು. ಮಣಿಕಟ್ಟಿನ ನೆತ್ತರು ಕಟಕಟೆಯ ಮರದ ಮೇಲೆ ಬಿದ್ದಿತ್ತು, ಅವಳು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು; ಸರ್ಕಾರಿ ಜಾಗ, ಹೊಲಸು ಮಾಡಬಾರದು. "ಯಾಕೆ ಹಾಕಿಕೊಂಡಿದ್ದಿರಿ?" ಎಂದು ಅವರು ಮತ್ತೆ ಕೇಳಿದರು. ವಕೀಲರು ಹೇಳಿಕೊಟ್ಟದ್ದೆಲ್ಲ ಮರೆತುಹೋಗಿತ್ತು. "ಅವ್ರ್ ಬಂದ್ರೆ ಬೋಳ್ ಕೈ ಕಾಂಬುಕಾಗ ಅಂತ" ಎಂದಳು. ಜಡ್ಜರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಕನ್ನಡಕದ ಹಿಂದೆ ಸಣ್ಣ ಕಣ್ಣು, ಬಯ್ಯುವ ಕಣ್ಣಲ್ಲ. "ಬರ್ತಾರಾ ಅವರು?" ಎಂದು ಕೇಳಿದರು. ನಿಜಕ್ಕೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಬರುತ್ತಾರೆ ಎಂದು ಹೇಳಬಹುದಾಗಿತ್ತು. ಹೇಳಿದ್ದರೆ ದಾವೆ ಬಿದ್ದುಹೋಗುತ್ತಿತ್ತು, ಅತ್ತೆ ಜಗಲಿಯಲ್ಲಿ ಕೂತು ಸಾಯುವವರೆಗೆ ಶಪಿಸುತ್ತಿದ್ದಳು, ಮುತ್ತ ಎಲ್ಲೋ ಒಂದು ಬೀಡಿ ಹಚ್ಚಿಕೊಳ್ಳುತ್ತಿದ್ದ. ಅವಳು ವಕೀಲರ ಮುಖ ನೋಡಿದಳು. ಅವರು ಕಣ್ಣು ಕೆಕ್ಕರಿಸಿದರು. "ಇಲ್ಲೆ" ಎಂದಳು.

ಕಾಗದದಲ್ಲಿ ಬೋಳು ಕೈಯ ಮಾತು ಇರಲಿಲ್ಲ. ಬೆರಳಿಟ್ಟು ಎರಡು ಪುಟ ಹುಡುಕಿದಳು. ಬಳೆ ಇತ್ತು: 'ಸಾಕ್ಷಿಯು ಸುಮಂಗಲಿಯ ಚಿಹ್ನೆಗಳನ್ನು ಧರಿಸುತ್ತಿದ್ದಳೆಂಬುದು ಗ್ರಾಮೀಣ ಮಹಿಳೆಯ ಸಹಜ ಭಾವನೆಯಾಗಿದ್ದು, ಅದರಿಂದ ವಾದಿಯರ ಪ್ರಕರಣಕ್ಕೆ ಬಾಧಕವಿಲ್ಲ.' ಅದರ ಕೆಳಗೆ: 'ಸದರಿ ಮುತ್ತನು ಹಿಂತಿರುಗಿ ಬರುವ ಸಂಭವವಿಲ್ಲವೆಂದು ಸಾಕ್ಷಿಯು ಖಚಿತವಾಗಿ ನುಡಿದಿದ್ದಾಳೆ.' ಖಚಿತವಾಗಿ. ಬಸ್ಸು ಮರವಂತೆ ದಾಟುತ್ತಿತ್ತು. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ರಸ್ತೆ. ಕಿಟಕಿಯಿಂದ ನುಗ್ಗಿದ ಗಾಳಿಗೆ ಪುಟಗಳು ಪಟಪಟ ಹೊಡೆದುಕೊಂಡವು. ಕೈ ಬಿಟ್ಟರೆ ಸಾಕು, ಹಾರಿ ಹೋಗುತ್ತದೆ. ಹೋದರೂ ಏನು? ಅರ್ಜಿ ಹಾಕಿದರೆ ಮತ್ತೊಂದು ನಕಲು ಕೊಡುತ್ತಾರೆ. ಮುತ್ತನನ್ನು ಎಷ್ಟು ಸಲ ಬೇಕಾದರೂ ಸಾಯಿಸಬಹುದು, ಆ ಕಚೇರಿಯಲ್ಲಿ ಅವನು ಸತ್ತವನಾಗಿಯೇ ಉಳಿದುಬಿಟ್ಟಿದ್ದಾನೆ. ಫೆಬ್ರವರಿ ಒಂಬತ್ತು ಎಂದು ತುಟಿಯೊಳಗೆ ಹೇಳಿಕೊಂಡಳು. ಬುಧವಾರ. ಆ ಬುಧವಾರ ಎಲ್ಲಿದ್ದೆ? ನೆನಪಾದಾಗ ಕಾಗದ ಮಡಿಲಿಗೆ ಬಿತ್ತು.

ಮನೆ ಮುಟ್ಟುವಾಗ ಬಿಸಿಲು ಅಂಗಳದ ಒಣಮೀನಿನ ಚಾಪೆಯಿಂದ ಇಳಿಯುತ್ತಿತ್ತು. ನಾಗು ಕಾಗೆ ಓಡಿಸುವ ಕೋಲು ಹಿಡಿದು ಅಲ್ಲೇ ಕೂತಿದ್ದಳು. ಎಲೆಅಡಿಕೆ ಕೇಳಲಿಲ್ಲ.

"ಯಾವತ್ತಂಬ್ರ್?"

"ದಿನ ಬರೀಲಿಲ್ಲೆ ಅತ್ತೆ."

"ಕಾಗ್ದ ಪೂರ್ತಿ ಕಂಡ್ಯಾ? ಹಿಂದಿನ್ ಬದಿ?"

"ಕಂಡೆ. ಸತ್ತಿದ್ರ್ ಅಂತ ಬರ್ದಿದ್ರ್. ಯಾವತ್ತ್ ಅಂತ ಕೋರ್ಟಿಗೂ ಗೊತ್ತಿಲ್ಯಂಬ್ರ್. ತೀರ್ಪ್ ಕೊಟ್ಟ ದಿನವೇ ಪಂಚಾಯ್ತಿಯಲ್ಲಿ ಹಾಕ್ತ್ರಂಬ್ರ್."

"ಅದೇ ಹೇಳ್ ಮತ್ತೆ. ಅದ್ ಯಾವತ್ತ್?"

ಬೆಳ್ಳಿ ಜಗಲಿಯ ಅಂಚಿನಲ್ಲಿ ಕೂತಳು. "ಜಲಜನ ಮಗ್ಳ್ ಮದಿ ದಿನ."

ಕಾಗೆಯೊಂದು ಚಾಪೆಯ ತುದಿಗೆ ಬಂದು ಕೂತಿತು. ನಾಗು ಕೋಲು ಎತ್ತಲಿಲ್ಲ. ಆ ದಿನ ಮದುವೆಯ ಚಪ್ಪರದಡಿ ಇಬ್ಬರೂ ಅಕ್ಕಪಕ್ಕ ಉಣ್ಣಲು ಕೂತಿದ್ದರು. ಬೆಳ್ಳಿಯ ತಲೆಯಲ್ಲಿ ಜಲಜಳೇ ಮುಡಿಸಿದ ಮಲ್ಲಿಗೆಯ ಮೊಳ ಇತ್ತು. ಪಾಯಸ ಬಡಿಸುವವನು ಮುದುಕಿಯನ್ನು ಕಂಡು, ಅಜ್ಜಿ ಹಲ್ಲಿಲ್ಲದಿದ್ದರೂ ಇದಕ್ಕೆ ತೊಂದರೆಯಿಲ್ಲ ಎಂದದ್ದಕ್ಕೆ ನಾಗು, ಹಲ್ಲು ಇದ್ದಾಗ ನಿನ್ನಜ್ಜನ್ನೇ ಕಚ್ಚಿದ್ದೆ ಎಂದಿದ್ದಳು. ಇಡೀ ಪಂಕ್ತಿ ನಕ್ಕಿತ್ತು. ಎಷ್ಟೋ ವರ್ಷದ ಮೇಲೆ ನಾಗು ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದು ಆವತ್ತು.

"ಎರಡ್ ಸಲ ಹಾಕ್ಸ್‌ಕಂಡಿದ್ದೆ ನಾನ್" ಎಂದಳು ನಾಗು. "ಪಾಯ್ಸ."

"ಗೊತ್ತಿರ್ಲಿಲ್ಲ್ಯಲೆ ಅತ್ತೆ."

"ಮಗ ಸತ್ತ ದಿನ ಎರಡ್ ಸಲ." ಅವಳು ಬೊಗಸೆಯನ್ನು ಮಡಿಲಲ್ಲಿ ಬಿಚ್ಚಿಟ್ಟು ನೋಡಿದಳು, ಅದರಲ್ಲಿ ಏನೋ ಬಡಿಸಿದ್ದಾರೆ ಎನ್ನುವ ಹಾಗೆ. "ಆ ದಿನ ಬ್ಯಾಡ."

"ಮತ್ತೆ ಯಾವತ್ತ್?"

ಕಾಗೆ ಒಂದು ಮೀನು ಎತ್ತಿಕೊಂಡು ಹೋಯಿತು. ಭಟ್ಟರ ಮುಖಕ್ಕೆ ಹೇಳಿದ ಮಾತು ಬೆಳ್ಳಿಗೂ ನೆನಪಿತ್ತು, ನಾಗುವಿಗೂ ನೆನಪಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ಅಮಾಸಿಯೇ ಆಯ್ಲಿ" ಎಂದಳು ನಾಗು. "ಎಲ್ಲರ್ ಒಟ್ಟಿಗೆ ತಿನ್ಲಿ. ಭಟ್ರಿಗೆ ನೀನೇ ಹೇಳ್. ನಂಗೆ ಆತಿಲ್ಲೆ."

ಬಳೆ ಒಡೆಯುವುದನ್ನು ಸಹ ಆ ದಿನಕ್ಕೆಂದು ಇಟ್ಟಿದ್ದರು. ಕೋರ್ಟು ಹೇಳಿದ ದಿನ ಗುಲಾಬಿ, ಜಲಜ, ಕೇರಿಯ ಹೆಂಗಸರೆಲ್ಲ ಬರುವುದು, ಹೆಣ ಇದ್ದವರಿಗೆ ಮಾಡಿದ ಹಾಗೆಯೇ ಮಾಡುವುದು ಎಂದು ನಾಗು ಎಲ್ಲರಿಗೂ ಹೇಳಿಟ್ಟಿದ್ದಳು. ದಿನವೇ ಇಲ್ಲದ ಮೇಲೆ ಯಾರನ್ನು ಯಾವತ್ತಿಗೆ ಕರೆಯುವುದು? ಬೆಳ್ಳಿ ಕಾಗದದ ಕಟ್ಟನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಳು ಬರುತ್ತದೆ ಎಂದು ಕಾದಳು. ಗುಲಾಬಿಯ ಹಾಗೆ ಬಿದ್ದು ಹೊರಳಲು ಯಾರಾದರೂ ಹಿಡಿದುಕೊಳ್ಳುವವರು ಬೇಕು. ಯಾರೂ ಇರಲಿಲ್ಲ. ಹಣೆಯ ಕುಂಕುಮ ಒರೆಸಿಕೊಂಡಳು. ಕೋರ್ಟಿನ ಜಗಲಿಯಲ್ಲಿ ಒಮ್ಮೆ ಒರೆಸಿ ರೂಢಿಯಾದ ಕೈ, ಸಲೀಸಾಗಿ ಒರೆಸಿತು. ಆಮೇಲೆ ಎಡಗೈಯನ್ನು ಕಲ್ಲಿಗೆ ಹೊಡೆದಳು. ಬಲಗೈಯನ್ನು ಹೊಡೆದಳು.

ಸದ್ದು ಕೇಳಿ ನಾಗು ಗೋಡೆ ಹಿಡಿದುಕೊಂಡು ಬಂದಳು. ಹಿಡಿಸೂಡಿ ತಂದು ನೆಲಕ್ಕೆ ಕೂತು ಗುಡಿಸತೊಡಗಿದಳು. ಬರಿಗಾಲಲ್ಲಿ ಓಡಾಡುವ ಜಾಗ, ಚೂರು ಉಳಿಯಬಾರದು. ದೊಡ್ಡ ಚೂರುಗಳನ್ನು ಕೈಯಲ್ಲೇ ಹೆಕ್ಕಿ, ಒಂದಕ್ಕೊಂದು ತಾಗಿಸಿ ಸುತ್ತು ಕೂಡಿಸಿ ನೋಡಿ, ತೆಂಗಿನ ಗೆರಟೆಗೆ ಹಾಕುತ್ತ ಹೋದಳು. ಕೊನೆಗೆ ತಲೆ ಎತ್ತಿದಳು.

"ಒಂದ್ ಕಮ್ಮಿ ಇತ್ತಲೆ ಬೆಳ್ಳೀ."

"ಅದ್ ಕೋರ್ಟಲ್ಲೇ ಹೋಯ್ತ್ ಅತ್ತೆ. ಆವತ್ತೇ."

ಎಡಗೈಯಲ್ಲಿ ಆರು, ಬಲಗೈಯಲ್ಲಿ ಐದು. ಒಟ್ಟು ಹನ್ನೊಂದು ಬಳೆ.